ಮುತ್ಯಾನ ಫೋಟೋ ಇಲ್ಲ, ಬರಹ ಇಲ್ಲ. ಮತ್ತೆ ಇಷ್ಟೆಲ್ಲ ಹೇಗೆ ಗೊತ್ತು?

ನಮ್ಮ ಮುತ್ಯಾನ, ಅಂದರೆ ಅಜ್ಜನ ಅಪ್ಪನ, ಮಾತು ತೆಗೆದಾಗಲೆಲ್ಲ ಜನ ನನ್ನನ್ನು ಕೇಳುವುದು ಇದೊಂದೇ ಪ್ರಶ್ನೆ. "ನೀವು ಅವರನ್ನು ನೋಡಿಯೇ ಇಲ್ಲ. ಅವರಿಗೆ ಓದು ಬರಹ ಗೊತ್ತಿರಲಿಲ್ಲ ಅಂತೀರಿ. ಒಂದು ಫೋಟೋ ಕೂಡ ಇಲ್ಲ. ಅವರು ಹೀಗಿದ್ದರು, ಹಾಗಿದ್ದರು ಅಂತ ಅಷ್ಟು ಗಟ್ಟಿಯಾಗಿ ಹೇಗೆ ಹೇಳ್ತೀರಿ?" ಕೆಲವರು ಇನ್ನೊಂದು ಮಾತು ಸೇರಿಸುತ್ತಾರೆ. "ಎಲ್ಲರ ಮನೆಯಲ್ಲೂ ಹಿರಿಯರು ಅಂದ್ರೆ ಬಹಳ ದುಡಿದವರು, ಬಹಳ ದೈವಭಕ್ತರು ಅಂತಲೇ ಹೇಳ್ತಾರೆ, ಅಲ್ವಾ?"

ಆ ಎರಡನೆಯ ಮಾತು ನನಗೆ ನಾಟಿತು. ನಾನೂ ಎಷ್ಟೋ ವರ್ಷ ಹಾಗೆಯೇ ಹೇಳಿಕೊಂಡು ಬಂದಿದ್ದೆ. ದುಡಿದವರು ಅಂದರೆ ಏನು ದುಡಿದರು, ದೇವರ ಮೇಲೆ ಭಕ್ತಿ ಇತ್ತು ಅಂದರೆ ಅದು ಎಲ್ಲಿ ಕಾಣುತ್ತಿತ್ತು, ನನಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳೋಣ ಅಂತ ಹೊರಟೆ. ಹತ್ತು ವರ್ಷದ ಮೇಲಾಯಿತು. ಈ ಬರಹ ಆ ಪ್ರಶ್ನೆಗೆ ನನ್ನ ಉತ್ತರ.

ನಮ್ಮದು ವಿಜಯಪುರ ಜಿಲ್ಲೆ, ಡೋಣಿ ನದಿಯ ಸಾಲಿನ ಊರು. ಡೋಣಿಯ ನೀರು ಉಪ್ಪು, ಕುಡಿಯೋಕೆ ಆಗಲ್ಲ. ಆದರೆ ದಂಡೆಯ ಎರೆಮಣ್ಣು ಬಂಗಾರ. ಡೋಣಿ ಬೆಳೆದರೆ ಓಣೆಲ್ಲ ಜೋಳ ಅಂತ ನಮ್ಮ ಕಡೆ ಮಾತಿದೆ. ಬೆಳೆದರೆ ಮಾತ್ರ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬೀಳುವ ಸೀಮೆ ಇದು. ಅದೂ ಹೇಳಿದ ಹೊತ್ತಿಗೆ ಬರುವುದಿಲ್ಲ. ಉತ್ತರಿ, ಹಸ್ತ ಮಳೆಯ ಹಸಿಗೆ ಬಿಳಿಜೋಳ ಬಿತ್ತಬೇಕು. ಆಮೇಲೆ ಮಣ್ಣಿನೊಳಗಿನ ತೇವವನ್ನೇ ಕುಡಿದು, ಚಳಿಗಾಲದ ಇಬ್ಬನಿಯಲ್ಲಿ ಅದು ಬೆಳೆಯಬೇಕು. ಇಂಥ ಕಡೆ ಮುತ್ಯಾ 7 ಎಕರೆ 22 ಗುಂಟೆ ಹೊಲ ಮಾಡಿದರು. ನಮ್ಮ ಕಡೆ ಒಂದು ಕೂರಿಗೆ ಹೊಲ ಅಂದರೆ ಸುಮಾರು 4 ಎಕರೆ. ಹಾಗಾಗಿ ಎರಡು ಕೂರಿಗೆಗೆ ಸ್ವಲ್ಪ ಕಮ್ಮಿ.

ಮೊದಲು ಕೇಳಿದ್ದು ಆಯಿಯನ್ನು, ಅಂದರೆ ನನ್ನ ಅಜ್ಜಿಯನ್ನು. ಅವಳು ಮುತ್ಯಾನ ಸೊಸೆ. ಸ್ವಾತಂತ್ರ್ಯ ಬರುವ ಹಿಂದಿನ ವರ್ಷ ಆ ಮನೆಗೆ ಬಂದವಳು. ಮುತ್ಯಾ ತೀರಿಕೊಳ್ಳುವ ತನಕ, 18 ವರ್ಷ, ಅವರಿಗೆ ರೊಟ್ಟಿ ಬಡಿದು ಹಾಕಿದವಳು. ನಾನು ಶುರುವಿನಲ್ಲಿ ತಪ್ಪು ಪ್ರಶ್ನೆ ಕೇಳುತ್ತಿದ್ದೆ. "ಮುತ್ಯಾ ಯಾವ ಇಸವಿಯಲ್ಲಿ ಹುಟ್ಟಿದರು?" ಆಯಿಗೆ ಇಸವಿ ಗೊತ್ತಿಲ್ಲ. ಸುಮ್ನೆ ಕೂತುಬಿಡುತ್ತಿದ್ದಳು. ಒಂದು ದಿನ ಅವಳೇ ಹೇಳಿದಳು. "ನಮ್ಮ ಮಾವ ಊರಾಗ ಹುಟ್ಟಿಲ್ಲ, ಹೊಲದಾಗ ಹುಟ್ಟಿದವ್ರು. ಬೇನಿ ಬಂದಿತ್ತಂತ. ಊರ ಬಿಟ್ಟು ಎಲ್ಲಾರೂ ಹೊಲದಾಗ ಗುಡಿಸಲಾ ಹಾಕಿದ್ರಂತ."

ಅದು ಪ್ಲೇಗ್. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗ್ ಒಂದೆರಡು ವರ್ಷದಲ್ಲಿ ನಮ್ಮ ಕಡೆಗೂ ಹಬ್ಬಿತು. ಜನ ಊರಿಗೆ ಊರೇ ಖಾಲಿ ಮಾಡಿ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಅಲ್ಲಿಗೆ ಮುತ್ಯಾ ಹುಟ್ಟಿದ ಕಾಲ ಸಿಕ್ಕಿತು. ಸತ್ತ ವರ್ಷವೂ ಹಾಗೇ ಸಿಕ್ಕಿತು. "ಆಲಮಟ್ಟಿಗೆ ಕಲ್ಲ ಹಾಕಿದ ವರ್ಷ, ಮಳಿಗಾಲದಾಗ" ಅಂದಳು. ಆಲಮಟ್ಟಿ ಅಣೆಕಟ್ಟಿಗೆ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ದು 1964ರ ಮೇ ತಿಂಗಳಲ್ಲಿ. ಅಂದರೆ ಮುತ್ಯಾ ಬದುಕಿದ್ದು ಹೆಚ್ಚುಕಮ್ಮಿ 66 ವರ್ಷ.

ಹಿರಿಯರನ್ನು ಕೇಳುವವರಿಗೆ ನಾನು ಮೊದಲು ಹೇಳುವುದೇ ಇದು. ಇಸವಿ ಕೇಳಬೇಡಿ. ಯಾವ ಬರ, ಯಾವ ಬೇನೆ, ಯಾವ ಮಳೆ ಅಂತ ಕೇಳಿ. ಮೃಗಶಿರದಿಂದ ಸ್ವಾತಿ ತನಕ ಒಂದೊಂದು ಮಳೆಗೂ ಹದಿಮೂರು ಹದಿನಾಲ್ಕು ದಿನ. "ಮಘೆ ಮಳೆ ಬಂದಷ್ಟು ಒಳ್ಳೇದು, ಮನೆ ಮಗ ಉಂಡಷ್ಟು ಒಳ್ಳೇದು" ಅಂತ ಗಾದೆ ಹೇಳುವ ಜನಕ್ಕೆ ಮಳೆಯೇ ಕ್ಯಾಲೆಂಡರ್. ಆಯಿ ತನ್ನ ಮೊದಲ ಮಗು ಹುಟ್ಟಿದ ದಿನವನ್ನೂ ಮಳೆಯ ಹೆಸರಿನಿಂದಲೇ ಹೇಳುತ್ತಿದ್ದಳು. ಲೆಕ್ಕ ಹಾಕಿದರೆ ವಾರದ ಹತ್ತಿರಕ್ಕೆ ಬಂದು ನಿಲ್ಲುತ್ತಿತ್ತು.

ಇನ್ನೊಂದು. ಬರಿಗೈಯಲ್ಲಿ ಕೇಳಬೇಡಿ, ಕೈಯಲ್ಲಿ ಒಂದು ಸಾಮಾನು ಹಿಡಿದುಕೊಂಡು ಹೋಗಿ ಕೇಳಿ. ನಮ್ಮ ಹಳೆಯ ದನದ ಕೊಟ್ಟಿಗೆಯ ಅಟ್ಟದಲ್ಲಿ ಒಂದು ಕೂರಿಗೆ, ಎತ್ತು ಕಟ್ಟಿ ಬಿತ್ತುವ ಸಾಮಾನು, ಬಿದ್ದಿತ್ತು. ಬೀಜ ಬಿಡುವ ಅದರ ಮರದ ಬಟ್ಟಲು ನುಣ್ಣಗೆ ಸವೆದಿತ್ತು. ಒಂದು ಕಡೆ ಅಂಗೈ ಅಂಚು ತಾಗಿ ತಾಗಿ ತಗ್ಗು ಬಿದ್ದಿತ್ತು. ನನಗೆ ಎದೆ ತುಂಬಿ ಬಂತು. ಮುತ್ಯಾನ ಕೈಯ ಗುರುತು ಅಂತ ಅದನ್ನು ಒರೆಸಿ ಆಯಿಯ ಮುಂದೆ ಇಟ್ಟೆ. ಆಯಿ ನನ್ನ ಮುಖ ನೋಡಿದಳು. "ಬಿತ್ತಾವ್ರು ಯಾರು? ಹೆಣ್ಮಕ್ಕಳು. ಮಾವ ಎತ್ತ ಹೊಡೀತಿದ್ರು. ಉಡ್ಯಾಗ ಬೀಜ ಕಟ್ಟಿಕೊಂಡು ಬಟ್ಟಲದಾಗ ಬಿಡತಿದ್ದವ್ರು ನಮ್ಮ ಅತ್ತಿ. ಇದು ಆಕಿ ಕೈ."

ನಾನು ಮುತ್ಯಾನ ದುಡಿಮೆ ಅಂತ ಹೇಳಿಕೊಂಡು ಬಂದದ್ದರಲ್ಲಿ ಅರ್ಧ ಮುತ್ತಜ್ಜಿಯದು ಅಂತ ಅವತ್ತು ಗೊತ್ತಾಯಿತು. ಬಿತ್ತನೆ ಅವಳದು. ಕಳೆ ತೆಗೆದದ್ದು ಅವಳು. ತೆನೆ ಮುರಿದದ್ದು ಅವಳು. ಕೂರಿಗೆಯ ಸಾಲು ನೆಟ್ಟಗೆ ಬಂದರೆ ಹೆಸರು ಎತ್ತು ಹೊಡೆದವನಿಗೆ. ಬೀಜ ಜಾಸ್ತಿ ಬೀಳದೆ, ಕಮ್ಮಿ ಬೀಳದೆ, ಒಂದೇ ಹದದಲ್ಲಿ ಬೆರಳ ಸಂದಿಯಿಂದ ಇಳಿಯಬೇಕಲ್ಲ, ಆ ಹದ ತಪ್ಪಿದರೆ ವರ್ಷವೇ ಹೋಯಿತು. ಆ ಹದ ಅವಳ ಕೈಯಲ್ಲಿತ್ತು.

ಭಕ್ತಿಯ ಮಾತಿಗೆ ಬರುತ್ತೇನೆ. ಮುತ್ಯಾ ದಿನಾ ಬೆಳಗಿನ ಜಾವ ಎದ್ದು, ಮಿಂದು, ಲಿಂಗಪೂಜೆ ಮಾಡದೆ ನೀರು ಮುಟ್ಟುತ್ತಿರಲಿಲ್ಲ. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುತ್ತಿರಲಿಲ್ಲ. ಹಸಿ ಆರುತ್ತಿದೆ, ಇವತ್ತೇ ಬಿತ್ತಿದರೆ ಬೆಳೆ, ನಾಳೆ ಆದರೆ ಇಲ್ಲ ಅನ್ನುವ ಸೋಮವಾರವೂ ಇಡಲಿಲ್ಲ. ಇದು ನಮ್ಮ ಕಡೆ ಬಹಳ ಮನೆಗಳಲ್ಲಿ ಇದ್ದ ಪದ್ಧತಿಯೇ. ಇಷ್ಟರಿಂದ ಒಬ್ಬ ಮನುಷ್ಯ ಹೇಗಿದ್ದ ಅಂತ ಹೇಳೋಕೆ ಆಗುವುದಿಲ್ಲ. ನನಗೆ ಮುತ್ಯಾ ಹೇಗಿದ್ದರು ಅಂತ ನಿಜವಾಗಿ ಕಂಡದ್ದು ಎರಡು ಕಡೆ. ಒಂದು ಕಣದಲ್ಲಿ. ಇನ್ನೊಂದು, ಯಾರೂ ನಂಬಲಿಕ್ಕಿಲ್ಲ, ಉತಾರ ಅನ್ನುವ ಹೊಲದ ಕಾಗದದಲ್ಲಿ.

ಕಣ ಅಂದರೆ ಈಗಿನ ಹುಡುಗರಿಗೆ ಗೊತ್ತಿಲ್ಲ. ಈಗ ಮಷಿನ್ ಬರುತ್ತದೆ, ಒಂದು ತಾಸಿನಲ್ಲಿ ರಾಶಿ ಮುಗಿಯುತ್ತದೆ. ಆಗ ಹೊಲದಲ್ಲೇ ಒಂದು ಜಾಗ ಕೆತ್ತಿ, ನೀರು ಹೊಡೆದು, ತುಳಿದು ಗಟ್ಟಿ ಮಾಡಿ, ಸಗಣಿ ಸಾರಿಸಿ ಕಣ ಮಾಡುತ್ತಿದ್ದರು. ನಡುವೆ ಮೇಟಿ ಕಂಬ. ಅದರ ಸುತ್ತ ತೆನೆ ಹರವಿ, ಎತ್ತುಗಳನ್ನು ಸಾಲಾಗಿ ಕಟ್ಟಿ ತುಳಿಸುತ್ತಾ ಹಂತಿ ಹೊಡೆಯುವುದು. ರಾತ್ರಿಯ ತಂಪಿನಲ್ಲಿ ಹಂತಿ ಹಾಡು. ಮುತ್ಯಾನ ಗಂಟಲು ದಪ್ಪ, ಹಾಡಿದರೆ ಪಕ್ಕದ ಹೊಲದವರು ಎದ್ದು ಕೂತು ಕೇಳುತ್ತಿದ್ದರಂತೆ. ಬೇರೆ ದಿನಗಳಲ್ಲಿ ಮಾತೇ ಕಮ್ಮಿ. ವರ್ಷದ ಮಾತೆಲ್ಲ ಆ ಹತ್ತು ರಾತ್ರಿಗೆ ಇಟ್ಟುಕೊಂಡಿದ್ದರೇನೋ ಅನ್ನಿಸುತ್ತಿತ್ತು ಅಂತ ಆಯಿ ಹೇಳುತ್ತಿದ್ದಳು.

ತೂರಿ ರಾಶಿ ಮಾಡಿದ ದಿನ ಕಾಲಲ್ಲಿ ಚಪ್ಪಲಿ ಹಾಕಿ ಕಣಕ್ಕೆ ಯಾರೂ ಬರುವಂತಿಲ್ಲ. ಮುತ್ಯಾ ಅಳೆದು ಮುಗಿಸುವ ತನಕ ಉಪವಾಸ. ಅಳೆಯುವಾಗ ಮೊದಲ ಅಳತೆಗೆ "ಒಂದು" ಅನ್ನುವುದಿಲ್ಲ, "ಲಾಭ" ಅನ್ನಬೇಕು. ಲಾಭ, ಎರಡು, ಮೂರು. ಮೊದಲು ಎತ್ತಿಡುವುದು ದೇವರ ಪಾಲು. ಆಮೇಲೆ ಆಯಗಾರರ ಪಾಲು. ನೇಗಿಲಿನ ಕುಡ ಬಡಿದು ಕೊಟ್ಟ ಕಮ್ಮಾರ, ಕೂರಿಗೆ ರಿಪೇರಿ ಮಾಡಿದ ಬಡಿಗ, ಮಡಕೆ ಕೊಟ್ಟ ಕುಂಬಾರ, ಹೀಗೆ ಎಲ್ಲರಿಗೂ ಅವರವರ ಆಯ, ಅಂದರೆ ದುಡಿಮೆಗೆ ಕೊಡುವ ಕಾಳು. ಮನೆಗೆ ಹೋಗುವುದು ಕಡೆಗೆ ಉಳಿದದ್ದು.

ಆಯಿ ಮದುವೆಯಾಗಿ ಬಂದು ನಾಲ್ಕೈದು ವರ್ಷಕ್ಕೆ ಒಂದು ಸಲ ಹಸ್ತ ಮಳೆ ಕೈಕೊಟ್ಟಿತು. ಜೋಳ ಮೊಣಕಾಲೆತ್ತರಕ್ಕೇ ನಿಂತಿತು. ರಾಶಿ ನೋಡಿದರೆ ಅಳು ಬರುವ ಹಾಗಿತ್ತು. ಆಯಗಾರರಿಗೆ ಈ ವರ್ಷ ಅರ್ಧ ಕೊಡೋಣ, ಅವರಿಗೂ ಗೊತ್ತಿದೆಯಲ್ಲ ಅಂತ ಮುತ್ತಜ್ಜಿ ಹೇಳಿದಳು. ಮುತ್ಯಾ ಅಳೆಯುವುದನ್ನು ನಿಲ್ಲಿಸಿ ಕೇಳಿದರಂತೆ. "ಅವರ ದುಡಿಮಿ ಏನ ಕಮ್ಮಿ ಆಗೈತೇನ?"

ಅಷ್ಟೇ ಮಾತು. ಬೆಳೆ ಬರದಿದ್ದರೂ ಕಮ್ಮಾರ ಅಷ್ಟೇ ಸಲ ಕುಡ ಬಡಿದಿದ್ದ. ಬಡಿಗ ಅಷ್ಟೇ ಸಲ ಬಂದಿದ್ದ. ಪೂರ್ತಿ ಆಯ ಹೋಯಿತು. ಆ ಬೇಸಿಗೆ ಮನೆಯಲ್ಲಿ ಒಪ್ಪತ್ತು ಊಟ. ಹಗೇವು ತೆಗೆದು ಹಳೆಯ ಜೋಳ ತಿಂದರು. ಹಗೇವು ಅಂದರೆ ನೆಲದೊಳಗಿನ ಕಾಳಿನ ಗುಂಡಿ. ಬಾಯಿ ತೆಗೆದ ಕೂಡಲೇ ಯಾರೂ ಇಳಿಯುವುದಿಲ್ಲ, ಒಳಗಿನ ಕೆಟ್ಟ ಗಾಳಿ ಹೋಗುವ ತನಕ ಕಾಯಬೇಕು. ಆಯಿ ಇದನ್ನು ಹೆಮ್ಮೆಯಿಂದ ಹೇಳಲಿಲ್ಲ. ಕೈಗೂಸು ಇಟ್ಟುಕೊಂಡು ಹಸಿದಿದ್ದವಳು ಅವಳು. ಇಪ್ಪತ್ತರ ವಯಸ್ಸಿನಲ್ಲಿ ಬಂದ ಸಿಟ್ಟು ಎಂಬತ್ತರಲ್ಲೂ ಅವಳ ದನಿಯಲ್ಲಿ ಇತ್ತು. ಅದಕ್ಕೇ ನಾನು ಆ ಕಥೆಯನ್ನು ನಂಬುತ್ತೇನೆ.

ಇನ್ನು ಉತಾರ. ಬೇರೆ ಕಡೆ ಪಹಣಿ ಅನ್ನುವುದಕ್ಕೆ ನಮ್ಮ ಕಡೆ ಉತಾರ ಅನ್ನುತ್ತೇವೆ. ಭೂಮಿ ಯೋಜನೆಯಲ್ಲಿ 2000ದ ಆಸುಪಾಸಿಗೆ ಇವೆಲ್ಲ ಕಂಪ್ಯೂಟರಿಗೆ ಬಂದವು. ಅದಕ್ಕಿಂತ ಹಳೆಯವು ಬೇಕಾದರೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಸರ್ವೆ ನಂಬರ್ ಕೊಟ್ಟು ಅರ್ಜಿ ಹಾಕಬೇಕು. ನಾನು ಹಾಕಿದ್ದು ವಾರಸಾ, ಅಂದರೆ ಮಕ್ಕಳ ಹೆಸರಿಗೆ ಹೊಲ, ಯಾವಾಗ ಆಯಿತು ಅಂತ ನೋಡೋಕೆ. ಸಿಕ್ಕಿದ್ದು ಬೇರೆ. ನಮ್ಮ ಹೊಲದ ಮೇಲೆ 1932ರಲ್ಲಿ ಒಬ್ಬ ಸಾವಕಾರನ ಬೋಜಾ ಏರಿತ್ತು. 1940ರಲ್ಲಿ ಅದು ಇಳಿದಿತ್ತು.

ಬೋಜಾ ಅಂದರೆ ಹೊಲದ ಮೇಲಿನ ಸಾಲ. ನಮ್ಮ ಮನೆಯಲ್ಲಿ ಎಲ್ಲರ ಬಾಯಲ್ಲೂ ಇದ್ದದ್ದು, ಮುತ್ಯಾ ಯಾರ ಹತ್ತಿರವೂ ಒಂದು ಕಾಸು ಸಾಲ ಮಾಡಿದವರಲ್ಲ ಅಂತ. ಅಜ್ಜನೂ ಹಾಗೆಯೇ ಹೇಳುತ್ತಿದ್ದರು. ಕಾಗದ ನೋಡಿ ನನಗೆ ಮನಸ್ಸು ಕೆಟ್ಟಿತು. 1930ರ ಹೊತ್ತಿಗೆ ಲೋಕವೆಲ್ಲ ಆರ್ಥಿಕ ಕುಸಿತಕ್ಕೆ ಸಿಕ್ಕಿ ಬೆಳೆಯ ಬೆಲೆ ನೆಲ ಕಚ್ಚಿತ್ತು. ಕಂದಾಯ ಮಾತ್ರ ರೊಕ್ಕದಲ್ಲೇ ಕಟ್ಟಬೇಕು. ಸಾಲ ಮಾಡದೆ ಉಳಿದ ರೈತರು ಎಷ್ಟು ಜನ ಇದ್ದಾರು? ಮುತ್ಯಾನೂ ಮಾಡಿದ್ದರು, ಮಕ್ಕಳಿಗೆ ಹೇಳಿರಲಿಲ್ಲ. ಅಷ್ಟೇ ಅಂದುಕೊಂಡು ಕಾಗದವನ್ನು ಮಡಚಿಟ್ಟೆ.

ಆಮೇಲೆ ಒಂದು ದಿನ ಆಯಿ ಶ್ರೀಶೈಲದ ಮಾತು ತೆಗೆದಳು. ನಮ್ಮ ಕಡೆಯವರು ಯುಗಾದಿಗೆ ಶ್ರೀಶೈಲದ ಮಲ್ಲಯ್ಯನಿಗೆ ನಡೆದು ಹೋಗುವುದು ಬಹಳ ಹಳೆಯ ರೂಢಿ. ಅಲ್ಲಿಯ ಭ್ರಮರಾಂಬೆ ನಮ್ಮ ಮನೆಯ ಮಗಳು ಅಂತ ಸೀರೆ, ಅರಿಸಿನ ಕುಂಕುಮ ಒಯ್ಯುತ್ತಾರೆ. ರಾಶಿ ಮುಗಿಸಿ, ಹೋಳಿ ಹುಣ್ಣಿಮೆಯ ಆಸುಪಾಸಿನಲ್ಲಿ ಕಂಬಿ ಹೊತ್ತು ಹೊರಟರೆ, ಆತ್ಮಕೂರು ದಾಟಿ, ನಲ್ಲಮಲ ಕಾಡು ಹೊಕ್ಕು, ಭೀಮನಕೊಳ್ಳ ಹತ್ತಿ, ಕೈಲಾಸ ಬಾಗಿಲು ದಾಟಿ ಯುಗಾದಿಯ ಹೊತ್ತಿಗೆ ಮುಟ್ಟುತ್ತಾರೆ. ಮುತ್ಯಾ ಮೀಸೆ ಮೂಡುವ ಮುಂಚಿನಿಂದ ತಪ್ಪದೆ ಹೋದವರು.

"ನಡಬಾರಕ ಎಂಟ ಯುಗಾದಿ ಹೋಗಲಿಲ್ಲಂತ ನೋಡು" ಅಂದಳು ಆಯಿ. "ನಾ ಬರೂದಕ್ಕಿಂತ ಮೊದಲ. ಅತ್ತಿ ಹೇಳತಿದ್ದಳು."

ಯಾಕೆ ಅಂತ ಕೇಳಿದೆ.

"ಆಕಿನೂ ಕೇಳಿದ್ದಳಂತ. ಋಣ ಇಟ್ಟಕೊಂಡು ಮಲ್ಲಯ್ಯನ ಮುಂದ ಹೆಂಗ ನಿಂದ್ರಲಿ ಅಂದ್ರಂತ. ಯಾವ ಋಣ ಅಂತ ಆಕಿಗೂ ಗೊತ್ತಾಗಲಿಲ್ಲ. ಹರಕಿ ಇರಬೇಕು ಅಂದ್ಕೊಂಡಿದ್ದಳು."

ನಾನು ಎದ್ದು ಹೋಗಿ ಉತಾರ ತಂದೆ. 1932, 1940. ಬೆರಳು ಮಡಚಿ ಎಣಿಸಿದೆ. ಎಂಟು ಯುಗಾದಿ.

ಆಯಿಗೆ ಓದಿ ಹೇಳಿದೆ. ಅವಳು ಬಹಳ ಹೊತ್ತು ಏನೂ ಮಾತಾಡಲಿಲ್ಲ. ಮುತ್ತಜ್ಜಿಗೇ ಗೊತ್ತಿರದ ಸಾಲ. ಅದು ಇದ್ದಷ್ಟು ದಿನ ಆ ಮನುಷ್ಯ ದೇವರ ಮುಖ ನೋಡೋಕೆ ಹೋಗಲಿಲ್ಲ. ಬೇರೆಯವರು ಸಾಲ ತೀರಲಿ ಅಂತ ಬೇಡಿಕೊಳ್ಳೋಕೆ ಮಲ್ಲಯ್ಯನ ಹತ್ತಿರ ಹೋಗುತ್ತಾರೆ. ಇವರು ತೀರಿಸಿ ಹೋಗೋಣ ಅಂತ ಕೂತರು. ಊರವರು ಕಂಬಿ ಹೊತ್ತು ಹೊರಟ ಆ ದಿನಗಳಲ್ಲಿ ಮುತ್ಯಾ ಗಾಡಿ ಹೂಡಿಕೊಂಡು ಕಲ್ಲು ತರೋಕೆ ಹೋಗುತ್ತಿದ್ದರಂತೆ. ಎರೆಹೊಲದಲ್ಲಿ ಕಲ್ಲು ಸಿಗುವುದಿಲ್ಲ. ದೂರದ ದಿನ್ನೆಯಿಂದ ಹೇರಿ ತರಬೇಕು. ಹೊಲದ ಇಳಿಜಾರಿಗೆ ಅಡ್ಡವಾಗಿ ಈಗಲೂ ನಿಂತಿರುವ ಕಲ್ಲಿನ ಒಡ್ಡು ಆಗ ಶುರುವಾದದ್ದು. ದೊಡ್ಡ ಮಳೆಗೆ ಅಕ್ಕಪಕ್ಕದ ಹೊಲದ ಮಣ್ಣು ಕೊಚ್ಚಿ ಡೋಣಿಗೆ ಹೋಗುತ್ತದೆ. ನಮ್ಮದು ಅಲ್ಲೇ ನಿಲ್ಲುತ್ತದೆ. ಮಣ್ಣು ನಿಂತರೆ ತೇವ ನಿಲ್ಲುತ್ತದೆ, ತೇವ ನಿಂತರೆ ಜೋಳ. ಸಾಲ ತೀರಿದ್ದರಲ್ಲಿ ಆ ಒಡ್ಡಿನ ಪಾಲೂ ಇದೆ ಅಂತ ನನ್ನ ನಂಬಿಕೆ.

ಅವರಲ್ಲಿ ನನಗೆ ಒಪ್ಪದ ಗುಣಗಳೂ ಇದ್ದವು. ಸಿಟ್ಟು ಬಂದರೆ ದಿನಗಟ್ಟಲೆ ಮನೆಯಲ್ಲಿ ಉಣ್ಣುತ್ತಿರಲಿಲ್ಲ, ಹೆಂಗಸರು ತಟ್ಟೆ ಹಿಡಿದುಕೊಂಡು ಹೊಲಕ್ಕೆ ಹೋಗಬೇಕಿತ್ತು. ಇಬ್ಬರು ಹೆಣ್ಣುಮಕ್ಕಳನ್ನು ಒಂದು ದಿನವೂ ಶಾಲೆಗೆ ಕಳಿಸಲಿಲ್ಲ. ಊರಲ್ಲಿ ಶಾಲೆ ಇತ್ತು, ಅಜ್ಜ ಹೋದರು, ಅವರ ಅಕ್ಕತಂಗಿಯರು ಹೋಗಲಿಲ್ಲ. ಆ ತಂಗಿಯನ್ನು ನಾನು ನೋಡಿದ್ದೇನೆ. ಬಸ್ಸಿನ ಬೋರ್ಡ್ ಓದೋಕೆ ಬಾರದೆ ನಿಲ್ದಾಣದಲ್ಲಿ ಅವರಿವರನ್ನು ಕೇಳುತ್ತಾ ನಿಂತಿರುತ್ತಿದ್ದಳು. ಇದನ್ನು ಬಿಟ್ಟು ಮುತ್ಯಾನ ಕಥೆ ಹೇಳಿದರೆ ಅವಳಿಗೆ ಅನ್ಯಾಯ ಮಾಡಿದ ಹಾಗಾಗುತ್ತದೆ.

ಕಡೆಯದಾಗಿ ಹೆಳವರು. ಇವರನ್ನು ಗೊತ್ತಿಲ್ಲದ ಪೇಟೆಯವರಿಗಾಗಿ ಹೇಳುತ್ತೇನೆ. ಒಕ್ಕಲುತನದ ಮನೆಗಳ ವಂಶಾವಳಿ ಇಟ್ಟುಕೊಂಡಿರುವ ಜನ ಇವರು. ಹಿಂದೆ ಎತ್ತಿನ ಮೇಲೆ ಕೂತು, ಹಿತ್ತಾಳೆ ಗಂಟೆ ಬಾರಿಸುತ್ತಾ ಬರುತ್ತಿದ್ದರು. ಅಂಗಳದಲ್ಲಿ ನಿಂತು ನಮ್ಮ ಮನೆತನ ಎಲ್ಲಿಂದ ಬಂತು, ಯಾರ ಮಗ ಯಾರು, ಯಾರಿಗೆ ಎಷ್ಟು ಮಕ್ಕಳು ಅಂತ ತಲೆಮಾರಿನ ಮೇಲೆ ತಲೆಮಾರು ಹೇಳುತ್ತಿದ್ದರು. ರಾಶಿ ಆದ ಮೇಲೆ ಬಂದು, ಹೊಸದಾಗಿ ಹುಟ್ಟಿದವರ ಹೆಸರು ಬರೆದುಕೊಂಡು, ಕಾಳು, ಬಟ್ಟೆ ತೆಗೆದುಕೊಂಡು ಹೋಗುತ್ತಾರೆ. ಈಗ ನಮ್ಮ ಮನೆಗೆ ಬರುವ ಹೆಳವರಿಗೆ ಎತ್ತಿಲ್ಲ, ಬೈಕಿದೆ. ಪುಸ್ತಕ ಮಾತ್ರ ಹಳೆಯದೇ. ಕೆಂಪು ಬಟ್ಟೆಯಲ್ಲಿ ಸುತ್ತಿ ತರುತ್ತಾರೆ.

ಮುತ್ಯಾನ ಹೆಸರನ್ನು ನಾನು ಅಕ್ಷರದಲ್ಲಿ ಮೊದಲು ಕಂಡದ್ದು ಉತಾರದಲ್ಲಿ, ಎರಡನೆಯ ಸಲ ಆ ಪುಸ್ತಕದಲ್ಲಿ. ಮೇಲೆ ಅವರ ಅಪ್ಪ, ಅದರ ಮೇಲೆ ಅವರ ಅಜ್ಜ, ಹೀಗೆ ಏಳು ಹೆಸರು. ಕೆಳಗೆ ನನ್ನ ಅಜ್ಜ, ಅಪ್ಪ, ನಾನು. ಓದುತ್ತಾ ಹೋದೆ. ನಮ್ಮ ಮನೆತನದ ಪುಟದಲ್ಲಿ ಒಬ್ಬ ಹೆಂಗಸಿನ ಹೆಸರೂ ಇರಲಿಲ್ಲ.

ಆಯಿ ತೀರಿಕೊಂಡ ಮರುವರ್ಷ ಹೆಳವರು ಬಂದಾಗ ಕೂರಿಗೆಯ ಬಟ್ಟಲು ತಂದು ಅವರ ಮುಂದೆ ಇಟ್ಟೆ. ಅದರ ತಗ್ಗು ತೋರಿಸಿದೆ. ಮುತ್ತಜ್ಜಿಯ ಹೆಸರು ಬರೆಯಬೇಕು, ಆಯಿಯ ಹೆಸರೂ ಬರೆಯಬೇಕು ಅಂದೆ. ಬೇಡ ಅನ್ನಬಹುದು ಅಂದುಕೊಂಡಿದ್ದೆ. ಅವರು ಬಟ್ಟಲನ್ನು ಕೈಗೆ ತೆಗೆದುಕೊಂಡು ತಗ್ಗಿನಲ್ಲಿ ಹೆಬ್ಬೆರಳು ಇಟ್ಟು ನೋಡಿದರು. ಪುಟ ತೆಗೆದರು. ಹೆಸರಿನ ಕೆಳಗೆ ಹೆಸರು, ಸಂದಿಯೇ ಇಲ್ಲ.

"ಬರೀತೀನ್ರಿ. ಎಲ್ಲಿ ಬರೀಲಿ?" ಅಂದರು.

ಮುತ್ಯಾನ ಹೆಸರಿನ ಪಕ್ಕ ಅಂಚಿನಲ್ಲಿ ಒಂದಿಷ್ಟು ಜಾಗ ಇತ್ತು. ಪುಸ್ತಕವನ್ನು ಓರೆ ಮಾಡಿಕೊಂಡು, ಸಣ್ಣ ಅಕ್ಷರದಲ್ಲಿ, ಅಲ್ಲಿ ಬರೆದರು. ಅದರ ಕೆಳಗೆ ಆಯಿಯ ಹೆಸರು. ಮಸಿ ಒಣಗುವ ತನಕ ಪುಸ್ತಕ ತೆರೆದೇ ಇಟ್ಟುಕೊಂಡು ಕೂತರು. ನಾನು ಒಳಗೆ ಹೋಗಿ ಸೇರು ತಂದೆ. ಲಾಭ, ಎರಡು, ಮೂರು ಅಂತ ಅವರ ಚೀಲಕ್ಕೆ ಜೋಳ ಅಳೆದೆ.